ಗೇಟು ಬಿದ್ದಾಗ

ಅಶೋಕ ರಸ್ತೆಯಲ್ಲಿ ಗೇಟು ಬಿತ್ತು.
ಕಂಬದ ಕೆಂಪು ಬಿಳಿ ಪಟ್ಟೆ ನಾನು ಬಳಿದದ್ದಲ್ಲ,
ಬಳಿದವನ ಕೈ ನಡುಗಿದೆ
ಮೂರನೇ ಪಟ್ಟೆಯ ಹತ್ತಿರ.
ಇಂಥದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ಟಿವಿಎಸ್ ಆಫ್ ಮಾಡಿದೆ.
ಹಿಂದೆ ಎರಡು ಡಬ್ಬಿ ಬಣ್ಣ, ಟರ್ಪೆಂಟೈನು, ಚಿಂದಿಬಟ್ಟೆ.
ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು,
ಲವಂಗದ ಪೊಟ್ಟಣ ಮುಟ್ಟಿ
ಬೇರೆ ಮನೆಯ ಬಾಗಿಲು ತಟ್ಟಿದವನಂತೆ
ವಾಪಸು ಬಂತು.

ಇವತ್ತಿಗೆ ಹನ್ನೊಂದು ದಿನ.
ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ
ಅರ್ಧ ಲೀಟರಿನ ಪಕ್ಕ
ನನ್ನದೊಂದು ಗೀಟು ಎಳೆಯುತ್ತಾಳೆ ಹಾಲಮ್ಮ.

ಎದೆಯದೇನೂ ತಕರಾರಿಲ್ಲ.
ಏಣಿ ಹತ್ತಿದರೆ ಈಗ ದಮ್ಮು ಕಟ್ಟುವುದಿಲ್ಲ,
ಹುಳಿಯ ರುಚಿ ಹುಳಿಯಾಗಿಯೇ ಬರುತ್ತದೆ.
ಕಷ್ಟ ಇರುವುದು ನಡುವಿನ ಹೊತ್ತಿನಲ್ಲಿ.
ಮೂವತ್ತೆರಡು ವರ್ಷ ಬೋರ್ಡು ಬರೆದವನು ನಾನು:
ಮೊದಲ ಕೋಟು ಆರಲಿಕ್ಕೆ ಎರಡು,
ಅಂಚು ಕಟ್ಟುವ ಮುಂಚೆ ಒಂದು,
ಒತ್ತಕ್ಷರ ಚೆನ್ನಾಗಿ ಕೂತರೆ ಒಂದು, ಕೂರದಿದ್ದರೂ ಒಂದು,
ಮಂಡಿಪೇಟೆ ಸಾಹುಕಾರ ಚೌಕಾಸಿಗೆ ನಿಂತರೆ
ಹೊಗೆಯ ಮರೆಗೆ ಕೂತು ಸುಮ್ಮನೆ ನಗಲಿಕ್ಕೆ
ಇನ್ನೊಂದು.

‘ಧೂಮಪಾನ ನಿಷೇಧಿಸಲಾಗಿದೆ’
ಬಸ್‌ಸ್ಟ್ಯಾಂಡಿಗೆ ನಲವತ್ತು ಬೋರ್ಡು, ನನ್ನದೇ ಕೈ.
‘ಧೂ’ಗೆ ಕೊಂಬಿನಿಳಿ ಎಳೆಯುವಾಗ
ತುಟಿಯಲ್ಲಿ ಒಂದು ಉರಿಯುತ್ತಿತ್ತು.
ಬೂದಿ ಉದುರಿ ಹಸಿ ಹಳದಿಗೆ ಅಂಟಿದ್ದು
ಎರಡನೇ ಅಂಕಣದ ಬೋರ್ಡಿನಲ್ಲಿ ಈಗಲೂ ಇದೆ.
ಬೆರಳಾಡಿಸಿದರೆ ತರಿತರಿ.

ಫ್ಲೆಕ್ಸು ಬಂದ ಮೇಲೆ ಕೆಲಸ ಕಮ್ಮಿ, ನಡುವಿನ ಹೊತ್ತೇ ಜಾಸ್ತಿ.
ಹೊಗೆ ತುಂಬಿದ್ದ ಆ ಸಂದಿಯೊಳಗೆ
ಈಗ ಇಣುಕಿದರೆ ಒಬ್ಬ ಗಂಡಸು ಕೂತಿದ್ದಾನೆ,
ಕೈಯಲ್ಲಿ ಏನೂ ಇಲ್ಲ,
ನನ್ನ ಕಡೆಗೇ ನೋಡುತ್ತಾನೆ.
ಅವನ ಜೊತೆ ಏನು ಮಾತಾಡಬೇಕೋ
ನನಗೆ ಗೊತ್ತಿಲ್ಲ.

ಬಕ್ಕೇಶ ರಸ್ತೆಯ ಆಚೆ ಬದಿಯಿಂದ ಹೋಗುತ್ತಾನೆ ಈಗೀಗ.
ನನ್ನ ಮೇಲೆ ಸಿಟ್ಟಿಲ್ಲ ಪಾಪ,
ಉಳಿದರ್ಧವನ್ನು ಯಾರ ಕೈಗೆ ಕೊಡಬೇಕೋ
ತಿಳಿಯದೆ.

‘ಆಸೆ ಬಂದಾಗ ಐದು ನಿಮಿಷ ತಡ್ಕೊಳ್ರಿ, ಅದೇ ಹೋಗ್ತೈತಿ’
ಅಂದಿದ್ದಳು ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು,
ನನ್ನ ಮಗಳ ವಯಸ್ಸಿನವಳು.
ಅವಳಿಗೆ ಈ ಗೇಟು ಗೊತ್ತಿಲ್ಲ.
ಗೂಡ್ಸು ಬಂದರೆ ಐದು ನಿಮಿಷಕ್ಕೆ ಮುಗಿಯುವುದಿಲ್ಲ.

ಮತ್ತೆ ಆ ದನಿ:
‘ಹನ್ನೊಂದು ದಿನ ಬಿಟ್ಟೋನು ಯಾವಾಗ ಬೇಕಾದ್ರೂ ಬಿಡ್ತಾನೆ.
ಅಂದಮ್ಯಾಲೆ ಒಂದು ಸೇದಿದ್ರೆ ಏನಾತು?’
ದೆವ್ವದ್ದಾಗಿದ್ದರೆ ಬೈದು ಓಡಿಸಬಹುದಿತ್ತು.
ನನ್ನದೇ ದನಿ, ನಮ್ಮೂರಿನದೇ ಮಾತು,
ಲೆಕ್ಕದಲ್ಲಿ ಒಂದು ತಪ್ಪಿಲ್ಲ.

ಗೂಡ್ಸು ಬಂತು.
ಡಬ್ಬಿ ಎಣಿಸತೊಡಗಿದೆ. ಹದಿನಾರು, ಹದಿನೇಳು...
‘ಕಾಕಾ, ಬೆಂಕಿ ಐತಾ?’
ಮೀಸೆ ಈಗಷ್ಟೇ ಮೂಡಿದ ಹುಡುಗ,
ಕಿವಿಯ ಮೇಲಿನ ಬೀಡಿ ಬಾಯಿಗೆ ಬಂದಿದೆ.
ಇಲ್ಲ ಅನ್ನಬಹುದಿತ್ತು.
ಇತ್ತು.
ಹನ್ನೊಂದು ದಿನವೂ ಪ್ಯಾಂಟಿನ ಜೇಬಿನಲ್ಲೇ ಇತ್ತು ಕಡ್ಡಿಪೆಟ್ಟಿಗೆ,
ದೀಪಕ್ಕೆ ಬೇಕಾಗುತ್ತದೆ ಎಂದು ಹಾಲಮ್ಮನಿಗೆ ಹೇಳಿದ್ದೆ.

ಕಡ್ಡಿ ಗೀರಿದೆ. ಗಾಳಿಗೆ ಬೆನ್ನು ತಿರುಗಿತು,
ಎರಡು ಕೈ ಬೊಗಸೆಯಾದವು.
ಆ ಬೊಗಸೆಯೊಳಗೆ ಹುಡುಗನ ಮುಖ
ಒಂದು ಗಳಿಗೆ ಕೆಂಪಗೆ ಬೆಳಗಿತು.
ಇಪ್ಪತ್ತರ ಬಕ್ಕೇಶನೋ, ನಾನೋ.
ಮೊದಲ ಹೊಗೆ ನೇರ ನನ್ನ ಮುಖಕ್ಕೆ ಬಂತು.

ನಾನು ಸರಿಯಲಿಲ್ಲ.
ನಡೆದದ್ದು ಇಷ್ಟೇ.
ಗೂಡ್ಸಿಗೆ ಎಷ್ಟು ಡಬ್ಬಿ ಇದ್ದವೋ,
ಗೇಟು ಎದ್ದು ಹಿಂದಿನ ಆಟೋದವ ಬೈಯುವ ತನಕ
ಕಣ್ಣು ಮುಚ್ಚಿಕೊಂಡು ನಿಂತಿದ್ದೆ.

‘ಇವತ್ತು?’ ಅಂದಳು ಹಾಲಮ್ಮ.
‘ಇಲ್ಲ’ ಅಂದೆ.
ಅದು ಸುಳ್ಳಲ್ಲ.
ಗೀಟು ಎಳೆದಳು. ಕೊಂಚ ವಾಲಿದೆ ಅನ್ನಿಸಿತು,
ಬೋರ್ಡು ಬರೆಯುವವನಿಗೆ ಮಾತ್ರ ಕಾಣುವಷ್ಟು.

ಕಡ್ಡಿಪೆಟ್ಟಿಗೆಯನ್ನು ದೇವರ ಗೂಡಿನಲ್ಲಿಟ್ಟು ಮಲಗಿದೆ.
ನಡುರಾತ್ರಿ ಎದ್ದು ಹೋಗಿ ನೋಡಿದೆ.
ಅಲ್ಲೇ ಇತ್ತು.